ಮಂಜೂರಾದ ಅರ್ಜಿಯನ್ನು ಎಲ್ಲರ ಮುಂದಿಡಬೇಕೆಂದಿದ್ದೇನೆ. ಜೊತೆಗೆ ಏನೇನು ಇಡಬೇಕು, ಏನನ್ನು ಬಿಡಬೇಕು?

ಕರಡುಪ್ರತಿ (ಚರ್ಚೆ ಆರಂಭಿಸಿದವರು):

ಮೂರನೆಯ ಪ್ರಯತ್ನದಲ್ಲಿ ನನ್ನ ಸಂಶೋಧನಾ ಫೆಲೋಶಿಪ್ ಅರ್ಜಿ ಮಂಜೂರಾಯಿತು. ಫಲಿತಾಂಶ ಪ್ರಕಟವಾದ ವಾರದೊಳಗೆ ನನಗೆ ಪರಿಚಯವೇ ಇಲ್ಲದ ನಾಲ್ವರು ಇಮೇಲ್ ಬರೆದು, ಸಾಧ್ಯವಾದರೆ ಅರ್ಜಿಯ ಪ್ರತಿಯೊಂದನ್ನು ಕಳುಹಿಸಿಕೊಡಬಹುದೇ ಎಂದು ಬಹಳ ಸಂಕೋಚದಿಂದ ಕೇಳಿದರು. ನಾಲ್ವರಿಗೂ ಕಳುಹಿಸಿದೆ. ಕೇಳಿದವರು ನಾಲ್ವರಾದರೆ, ಕೇಳಲು ಹಿಂಜರಿದು ಸುಮ್ಮನಾದವರು ಇನ್ನೆಷ್ಟು ಮಂದಿಯೋ ಎಂಬ ಯೋಚನೆ ಆಮೇಲೆ ಬಂದಿತು. ಮೊದಲ ಸಲ ಅರ್ಜಿ ಹಾಕಿದಾಗ ನಾನೂ ಆ ಎರಡನೆಯ ಗುಂಪಿನಲ್ಲೇ ಇದ್ದೆ. ಹಿಂದಿನ ವರ್ಷ ಆಯ್ಕೆಯಾದವರ ಹೆಸರು, ಇಮೇಲ್ ವಿಳಾಸ ಎಲ್ಲವೂ ಕಣ್ಣೆದುರಿಗಿದ್ದರೂ, ಗುರುತು ಪರಿಚಯವಿಲ್ಲದವರ ಬಳಿ ಅವರ ಅರ್ಜಿಯನ್ನು ಯಾವ ಮುಖವಿಟ್ಟುಕೊಂಡು ಕೇಳುವುದು ಎಂದು, ಎರಡು ಸಲ ಬರೆದ ಇಮೇಲನ್ನು ಎರಡು ಸಲವೂ ಅಳಿಸಿ ಹಾಕಿದ್ದೆ.

ಎರಡನೆಯ ಸಲ ಬೇರೊಂದು ಪ್ರಯೋಗಾಲಯದ ಹಿರಿಯರೊಬ್ಬರು ತಾವಾಗಿಯೇ ತಮ್ಮ ಹಳೆಯ ಅರ್ಜಿಯನ್ನು ಕೊಟ್ಟರು. ನಮೂನೆಯಲ್ಲಿ ‘ಕಾರ್ಯಯೋಜನೆ’ ಎಂಬ ಅಂಕಣವಿತ್ತು. ನಾನು ಮೊದಲ ಸಲ ಅದರಲ್ಲಿ ಯಾವ ತಿಂಗಳು ಏನು ಮಾಡುತ್ತೇನೆ ಎಂಬುದನ್ನು ಒಂದರ ಕೆಳಗೊಂದು ಬರೆದು ಕೈತೊಳೆದುಕೊಂಡಿದ್ದೆ. ಅವರಾದರೋ ಪ್ರತಿ ಹಂತದ ಕೊನೆಗೆ, ಈ ಹಂತ ಮುಗಿದಾಗ ಕೈಯಲ್ಲಿ ಏನಿರುತ್ತದೆ, ಅದು ಸಿಗದೇ ಹೋದರೆ ಮುಂದಿನ ಹಂತ ಹೇಗೆ ಬದಲಾಗುತ್ತದೆ ಎಂದು ಎರಡೆರಡು ಸಾಲು ಬರೆದಿದ್ದರು. ಹಾಗೆ ಬರೆಯಬೇಕೆಂದು ಅರ್ಜಿ ಕರೆದ ಪ್ರಕಟಣೆಯಲ್ಲಿ ಎಲ್ಲಿಯೂ ಇರಲಿಲ್ಲ. ಅದು ಗುರುವಿನಿಂದ ಶಿಷ್ಯರಿಗೆ, ಒಂದು ಮೇಜಿನಿಂದ ಪಕ್ಕದ ಮೇಜಿಗೆ ದಾಟಿಕೊಂಡು ಬಂದ ತಿಳಿವಳಿಕೆ. ಗೆದ್ದ ಅರ್ಜಿಗಳು ಹಂಚಿಕೆಯಾಗುತ್ತಿಲ್ಲ ಎಂದು ಯಾರೂ ಹೇಳುವಂತಿಲ್ಲ. ಅವು ಇಂದಿಗೂ ಧಾರಾಳವಾಗಿ ಹಂಚಿಕೆಯಾಗುತ್ತಿವೆ, ಆದರೆ ಪರಿಚಯವಿರುವವರ ನಡುವೆ ಮಾತ್ರ.

ಈ ಬರವಣಿಗೆಗೆ ತಗಲುವ ಶ್ರಮವೇನೂ ಸಣ್ಣದಲ್ಲ. ಅಮೆರಿಕದ ಖಗೋಳ ಮತ್ತು ಮನೋವಿಜ್ಞಾನ ಸಂಶೋಧಕರನ್ನು ಕೇಳಿ ನಡೆಸಿದ, 2015ರಲ್ಲಿ ‘ಪ್ಲಾಸ್ ಒನ್’ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಒಂದು ಪ್ರಸ್ತಾವಕ್ಕೆ ಪ್ರಧಾನ ಸಂಶೋಧಕರೊಬ್ಬರೇ ಸರಾಸರಿ 116 ಗಂಟೆ ವ್ಯಯಿಸುತ್ತಾರೆ. ಆಸ್ಟ್ರೇಲಿಯಾದ ರಾಷ್ಟ್ರೀಯ ಆರೋಗ್ಯ ಮತ್ತು ವೈದ್ಯಕೀಯ ಸಂಶೋಧನಾ ಮಂಡಳಿಗೆ 2012ರಲ್ಲಿ ಬಂದ 3,727 ಪ್ರಸ್ತಾವಗಳ ಹಿಂದೆ, ಎಲ್ಲರ ದುಡಿಮೆಯನ್ನೂ ಕೂಡಿಸಿದರೆ, ಸುಮಾರು 550 ವರ್ಷಗಳ ಕೆಲಸವಿತ್ತು. ಅವುಗಳಲ್ಲಿ ಗೆದ್ದದ್ದು ಸರಿಸುಮಾರು ಐದರಲ್ಲಿ ಒಂದು. ಇಷ್ಟು ದುಡಿದು ಸಿದ್ಧಪಡಿಸಿದ ಬರಹವನ್ನು ಐದಾರು ಮಂದಿ ಪರಿಶೀಲಕರು ಓದುತ್ತಾರೆ, ಆಮೇಲೆ ಅದು ಯಾರದೋ ಫೋಲ್ಡರಿನಲ್ಲಿ ಉಳಿಯುತ್ತದೆ.

ಆದ್ದರಿಂದ ನನ್ನ ಅರ್ಜಿಯನ್ನು ಯಾರ ಅನುಮತಿಯನ್ನೂ ಕೇಳಬೇಕಿಲ್ಲದ ಹಾಗೆ ತೆರೆದಿಡಬೇಕೆಂದು ನಿರ್ಧರಿಸಿದ್ದೇನೆ. ಇಡಬೇಕೇ ಎಂಬುದಕ್ಕಿಂತ ಹೇಗೆ ಇಡಬೇಕು ಎಂಬುದರಲ್ಲಿ ನಿಮ್ಮೆಲ್ಲರ ಸಲಹೆ ಬೇಕು. ಇಡಲೇಬಾರದು ಎನ್ನುವವರಿದ್ದರೆ ಅವರ ಮಾತನ್ನೂ ಕೇಳುವ ಮನಸ್ಸಿದೆ.

ಮೊದಲ ಅರ್ಜಿ:

ದಯವಿಟ್ಟು ಇಡಿ. ನಾನು ಈಗ ಮೊದಲ ಅರ್ಜಿಯನ್ನು ಸಿದ್ಧಪಡಿಸುತ್ತಿರುವ ವಿದ್ಯಾರ್ಥಿನಿ. ನಮ್ಮ ವಿಭಾಗದಲ್ಲಿ ಇಂಥ ಫೆಲೋಶಿಪ್ ಪಡೆದವರು ಇದುವರೆಗೆ ಯಾರೂ ಇಲ್ಲ. ಹಾಗಾಗಿ ಪಕ್ಕದ ಮೇಜಿನವರನ್ನು ಕೇಳುವ ಪ್ರಶ್ನೆಯೇ ಬರುವುದಿಲ್ಲ.

ನನಗೆ ಮಾದರಿಗಳಿಂದ ಆದ ಉಪಯೋಗವನ್ನು ಹೇಳುತ್ತೇನೆ. ಅಮೆರಿಕದ ನ್ಯಾಷನಲ್ ಸೈನ್ಸ್ ಫೌಂಡೇಶನ್ನಿನ ಪದವೀಧರ ಸಂಶೋಧನಾ ಫೆಲೋಶಿಪ್‌ಗೆ ವೈಯಕ್ತಿಕ ಹೇಳಿಕೆ ಮೂರು ಪುಟ, ಸಂಶೋಧನಾ ಯೋಜನೆ ಎರಡು ಪುಟ. ಬೌದ್ಧಿಕ ಮೌಲ್ಯ ಮತ್ತು ಸಮಾಜದ ಮೇಲಿನ ವ್ಯಾಪಕ ಪರಿಣಾಮ ಎಂಬ ಎರಡು ಅಳತೆಗೋಲುಗಳಿಂದ ಅವನ್ನು ಅಳೆಯುತ್ತಾರೆ. ಈ ಎರಡನೆಯ ಅಳತೆಗೋಲು ನನಗೆ ಅರ್ಥವೇ ಆಗಿರಲಿಲ್ಲ. ಸಂಶೋಧನೆಯಿಂದ ಸಮಾಜಕ್ಕೆ ಒಳಿತಾಗುತ್ತದೆ ಎಂದು ಒಂದು ಘನವಾದ ವಾಕ್ಯ ಬರೆದರೆ ಸಾಕೆಂದುಕೊಂಡಿದ್ದೆ. ಅನೇಕರು ತಮ್ಮ ಯಶಸ್ವಿ ಅರ್ಜಿಗಳನ್ನು ತಾವೇ ಅಂತರಜಾಲದಲ್ಲಿ ಇಟ್ಟಿದ್ದಾರೆ. ಅವುಗಳಲ್ಲಿ ಒಂದು ಹತ್ತನ್ನು ಒಟ್ಟಿಗೆ ಓದಿದಾಗ, ಆ ಭಾಗದಲ್ಲಿ ಅವರೆಲ್ಲ ತಾವು ಆಗಲೇ ಮಾಡಿದ್ದನ್ನು, ಅಂದರೆ ಯಾರಿಗೆ ಕಲಿಸಿದೆ, ಎಷ್ಟು ಕಾಲ ಕಲಿಸಿದೆ, ಮುಂದೆ ಅದನ್ನು ಹೇಗೆ ಬೆಳೆಸುತ್ತೇನೆ ಎಂಬುದನ್ನು ಬರೆದಿರುವುದು ಕಾಣಿಸಿತು. ಒಂದನ್ನೇ ಓದಿದ್ದರೆ ಅದು ಆ ಒಬ್ಬರ ಶೈಲಿ ಎಂದು ಬಿಟ್ಟುಬಿಡುತ್ತಿದ್ದೆ.

ಒಂದು ಬೇಡಿಕೆ ಇದೆ. ಸಾಧ್ಯವಾದರೆ ನಿಮ್ಮ ತಿರಸ್ಕೃತ ಅರ್ಜಿಗಳೆರಡನ್ನೂ ಇಡಿ. ಗೆದ್ದದ್ದನ್ನು ಓದಿದಾಗ ಅದರಲ್ಲಿರುವುದೆಲ್ಲವೂ ಗೆಲುವಿಗೆ ಕಾರಣವಾಗಿ ಕಾಣುತ್ತದೆ. ಸೋತದ್ದನ್ನು ಪಕ್ಕದಲ್ಲಿಟ್ಟುಕೊಂಡಾಗ ಮಾತ್ರ ವ್ಯತ್ಯಾಸ ಎಲ್ಲಿದೆ ಎಂದು ಹುಡುಕಬಹುದು.

ಹಳೆಯ ಪರಿಶೀಲಕ:

ಉತ್ಸಾಹಕ್ಕೆ ತಣ್ಣೀರೆರಚುವ ಉದ್ದೇಶ ನನ್ನದಲ್ಲ. ಆದರೆ ಹಲವು ವರ್ಷ ಆಯ್ಕೆ ಸಮಿತಿಗಳಲ್ಲಿ ಕುಳಿತು ಅರ್ಜಿಗಳ ಕಟ್ಟುಗಳನ್ನು ಓದಿದವನಾಗಿ, ಈ ಹಂಚಿಕೆಯಿಂದ ಆಗುವ ಒಂದು ಹಾನಿಯನ್ನು ಹತ್ತಿರದಿಂದ ಕಂಡಿದ್ದೇನೆ. ಯಾವುದಾದರೂ ಮಾದರಿ ಪ್ರಸಿದ್ಧವಾದ ಮರುವರ್ಷ ಅದರ ನೆರಳು ನಮ್ಮ ಮೇಜಿನ ಮೇಲೆ ಬೀಳುತ್ತದೆ. ಅದೇ ಬಗೆಯ ಆರಂಭ, ಅದೇ ಜಾಗದಲ್ಲಿ ದಪ್ಪಕ್ಷರದ ಪ್ರಶ್ನೆ, ಅದೇ ಮೂರು ಉದ್ದೇಶಗಳು. ಮೂರೇ ಏಕೆ ಎಂದು ಅರ್ಜಿದಾರರನ್ನು ಕೇಳಿದರೆ ಅವರ ಬಳಿ ಉತ್ತರವಿರುವುದಿಲ್ಲ. ಗೆದ್ದವರ ಅರ್ಜಿಯಲ್ಲಿ ಮೂರು ಇದ್ದವು ಎಂಬುದೇ ಕಾರಣ.

ಬ್ರಿಟನ್ನಿನ ವಿಶ್ವವಿದ್ಯಾಲಯ ಪ್ರವೇಶಗಳನ್ನು ನೋಡಿಕೊಳ್ಳುವ ಯುಕಾಸ್ ಸಂಸ್ಥೆ 2007ರಲ್ಲಿ 50,000 ವೈಯಕ್ತಿಕ ಹೇಳಿಕೆಗಳನ್ನು ಕಂಪ್ಯೂಟರಿನಲ್ಲಿ ಹೋಲಿಸಿ ನೋಡಿತು. ಚಿಕ್ಕಂದಿನಲ್ಲಿ ರಸಾಯನಶಾಸ್ತ್ರದ ಆಟಿಕೆ ಪೆಟ್ಟಿಗೆಯೊಂದಿಗೆ ಪ್ರಯೋಗ ಮಾಡಲು ಹೋಗಿ ಪೈಜಾಮವನ್ನು ತೂತಾಗುವಂತೆ ಸುಟ್ಟುಕೊಂಡೆ, ಅಂದಿನಿಂದ ವಿಜ್ಞಾನದ ಹುಚ್ಚು ಹಿಡಿಯಿತು ಎಂಬ ಪ್ರಸಂಗ ಅವುಗಳಲ್ಲಿ 234 ಹೇಳಿಕೆಗಳಲ್ಲಿ ಇತ್ತು. ಅಷ್ಟೂ ಮಕ್ಕಳ ಪೈಜಾಮಗಳು ಒಂದೇ ರೀತಿ ಸುಟ್ಟುಹೋದವೆಂದು ನಂಬುವಷ್ಟು ಮುಗ್ಧರು ಯಾವ ಸಮಿತಿಯಲ್ಲೂ ಇರುವುದಿಲ್ಲ. ಮೊದಲು ಬರೆದ ಒಬ್ಬರಿಗೆ ಅದು ನಿಜವಾಗಿಯೂ ಆಗಿದ್ದಿರಬಹುದು. ಪಾಪ, ಅವರ ನಿಜವೂ ಸುಳ್ಳಾಯಿತು.

ಎರಡನೆಯ ಮಾತು. ಗೆದ್ದ ಅರ್ಜಿ ಗೆದ್ದದ್ದು ಅದರ ಗುಣದಿಂದಲೇ ಎಂದು ನಂಬುವುದು ಕಷ್ಟ. 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳಿಗೆ ಬಂದಿದ್ದ 25 ಅರ್ಜಿಗಳನ್ನು 43 ಪರಿಶೀಲಕರಿಗೆ ಹಂಚಿ, ಅಲ್ಲಿನ ಪರಿಶೀಲನಾ ಕ್ರಮವನ್ನೇ ಅನುಸರಿಸಿ ಅಂಕ ಕೊಡಿಸಿದರು. ಒಂದೇ ಅರ್ಜಿಯನ್ನು ಓದಿದ ಇಬ್ಬರ ಅಂಕಗಳ ನಡುವೆ ಹೊಂದಾಣಿಕೆ ಎಂಬುದು ಇಲ್ಲವೆನ್ನುವಷ್ಟು ಕಡಿಮೆ ಇತ್ತು. ಸಮಿತಿಯಲ್ಲಿದ್ದವರಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ. ಹೀಗಿರುವಾಗ ಅದೃಷ್ಟದಿಂದಲೂ ಭಾಗಶಃ ಗೆದ್ದ ಒಂದು ಬರಹವನ್ನು ಮುಂದಿಟ್ಟರೆ, ಓದುವವರು ಅದರಿಂದ ಕಲಿಯುವುದು ವಿದ್ಯೆಯನ್ನೋ ಮೂಢನಂಬಿಕೆಯನ್ನೋ ಎಂಬ ಸಂದೇಹ ನನ್ನದು.

ಕರಡುಪ್ರತಿ:

‘ಹಳೆಯ ಪರಿಶೀಲಕ’ ಅವರ ಎರಡು ಆಕ್ಷೇಪಗಳೂ ಗಟ್ಟಿಯಾಗಿವೆ. ಆದರೆ ಮಾದರಿಗಳು ಬೇಡ ಎಂಬ ತೀರ್ಮಾನಕ್ಕೆ ಅವು ನನ್ನನ್ನು ಒಯ್ಯುತ್ತಿಲ್ಲ. ಕೈಗೆ ಸಿಗುವ ಮಾದರಿ ಒಂದೇ ಆಗಿದ್ದಾಗ ಎಲ್ಲರೂ ಅದನ್ನೇ ಅನುಸರಿಸುತ್ತಾರೆ. ಹತ್ತು ಮಾದರಿಗಳಿದ್ದರೆ, ಒಬ್ಬರು ಎರಡೇ ಉದ್ದೇಶ ಬರೆದು ಗೆದ್ದಿರುವುದೂ, ಇನ್ನೊಬ್ಬರು ದಪ್ಪಕ್ಷರವೇ ಇಲ್ಲದೆ ಗೆದ್ದಿರುವುದೂ ಕಾಣುತ್ತದೆ. ಆಗ ಮೂರು ಎಂಬುದು ಮಂತ್ರವಾಗಿ ಉಳಿಯುವುದಿಲ್ಲ. ‘ಮೊದಲ ಅರ್ಜಿ’ ಅವರು ಹತ್ತನ್ನು ಒಟ್ಟಿಗೆ ಓದಿದೆ ಎಂದದ್ದು ಇದನ್ನೇ.

ಅದೃಷ್ಟದ ವಿಚಾರದಲ್ಲಿ ನನಗನ್ನಿಸುವುದು, ಅರ್ಜಿಯೊಂದನ್ನೇ ಕೊಡುವುದು ಅರ್ಧ ಕೊಟ್ಟಂತೆ ಎಂದು. ಅಮೆರಿಕದ ಅಲರ್ಜಿ ಮತ್ತು ಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಸಂಸ್ಥೆಯು ಸಂಶೋಧಕರ ಒಪ್ಪಿಗೆ ಪಡೆದು ಪ್ರಕಟಿಸಿರುವ ಮಾದರಿ ಅರ್ಜಿಗಳನ್ನು ನೋಡಿದವರಿಗೆ ಇದು ಗೊತ್ತಿರುತ್ತದೆ: ಅಲ್ಲಿ ಹಲವು ಅರ್ಜಿಗಳ ಜೊತೆಗೆ ಪರಿಶೀಲಕರ ಅಭಿಪ್ರಾಯಗಳ ಸಾರಾಂಶವೂ ಇದೆ. ಗೆದ್ದ ಅರ್ಜಿಯಲ್ಲೂ ಅವರು ಯಾವ ಭಾಗವನ್ನು ದುರ್ಬಲವೆಂದರು ಎಂಬುದು ಅಲ್ಲಿ ಕಾಣುತ್ತದೆ. ಕಣ್ಣುಮುಚ್ಚಿ ಅನುಕರಿಸದಂತೆ ತಡೆಯಲು ಅದಕ್ಕಿಂತ ಒಳ್ಳೆಯ ಎಚ್ಚರಿಕೆ ಬೇಕಿಲ್ಲ.

ನನ್ನದೇ ಒಂದು ತುಣುಕನ್ನು ತೋರಿಸುತ್ತೇನೆ. ಮೊದಲ ಅರ್ಜಿಯ ಆರಂಭ ಹೀಗಿತ್ತು: ‘ಜಗತ್ತಿನಾದ್ಯಂತ ನೀರಿನ ಕೊರತೆಯು ದಿನೇ ದಿನೇ ಉಲ್ಬಣಗೊಳ್ಳುತ್ತಿದ್ದು, ಸಸ್ಯಗಳು ನೀರನ್ನು ಬಳಸುವ ಬಗೆಯನ್ನು ಸಮಗ್ರವಾಗಿ ಅರಿತುಕೊಳ್ಳುವುದು ಇಂದಿನ ತುರ್ತು ಅಗತ್ಯವಾಗಿದೆ.’ ಪರಿಶೀಲಕರೊಬ್ಬರು ಇದರ ಬಗ್ಗೆ ಬರೆದದ್ದು ಒಂದೇ ಸಾಲು: ಇದರಲ್ಲಿ ಯಾರೂ ಒಪ್ಪದಂಥದ್ದು ಏನೂ ಇಲ್ಲ, ಆದ್ದರಿಂದ ತಿಳಿಯುವಂಥದ್ದೂ ಏನೂ ಇಲ್ಲ. ಎರಡು ದಿನ ಸಿಟ್ಟಿನಲ್ಲಿದ್ದೆ. ಮೂರನೆಯ ಅರ್ಜಿಯ ಆರಂಭ ಹೀಗಾಯಿತು: ‘ಕತ್ತಲಾದ ಮೇಲೆ ಎಲೆಗಳ ಪತ್ರರಂಧ್ರಗಳು ಮುಚ್ಚಿಕೊಳ್ಳುತ್ತವೆ ಎಂದು ಹಿಡಿದು ನೀರಿನ ಲೆಕ್ಕ ಹಾಕುವುದುಂಟು, ಆದರೆ ಅನೇಕ ಸಸ್ಯಗಳಲ್ಲಿ ಅವು ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ರಾತ್ರಿಯ ಈ ಸೋರಿಕೆಯನ್ನು ಮೂರು ಜಾತಿಯ ಗಿಡಗಳಲ್ಲಿ ಅಳೆದು, ಹಗಲಿನ ಅಳತೆಗಳಿಂದ ಅದನ್ನು ಮುಂಚಿತವಾಗಿ ಹೇಳಲು ಬರುತ್ತದೆಯೇ ಎಂದು ಪರೀಕ್ಷಿಸುತ್ತೇನೆ.’ ಎರಡನ್ನೂ, ನಡುವಿನ ಆ ಒಂದು ಸಾಲನ್ನೂ ಒಟ್ಟಿಗೆ ಓದಿದವರಿಗೆ ಪತ್ರರಂಧ್ರದ ವಾಕ್ಯವನ್ನು ಕದಿಯಬೇಕೆಂದು ಅನ್ನಿಸುವುದಿಲ್ಲ. ತಮ್ಮ ಮೊದಲ ವಾಕ್ಯವನ್ನು ತೆಗೆದು ನೋಡಬೇಕೆಂದು ಅನ್ನಿಸುತ್ತದೆ.

ಅಂಚಿನ ಟಿಪ್ಪಣಿ:

ಕದಿಯುವ ಮಾತು ಬಂದದ್ದರಿಂದ ನನ್ನ ಅನುಭವವನ್ನು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ನಾನು ಇಮೇಲಿನಲ್ಲಿ ಕೊಟ್ಟಿದ್ದ ಅರ್ಜಿಯ ವಿಧಾನದ ಭಾಗವನ್ನು, ನಡುವೆ ಇದ್ದ ಒಂದು ಅಕ್ಷರದೋಷದ ಸಮೇತ, ಇನ್ನೊಬ್ಬರ ಪ್ರಸ್ತಾವದಲ್ಲಿ ಕಂಡೆ. ಆ ಪ್ರಸ್ತಾವ ನನ್ನ ಬಳಿಗೇ ಪರಿಶೀಲನೆಗೆ ಬಂದಿತ್ತು. ನನ್ನ ಕೈಯಲ್ಲಿದ್ದದ್ದು ಹಳೆಯ ಇಮೇಲ್ ಮಾತ್ರ. ಅದರ ಲಗತ್ತು ಯಾವ ಆವೃತ್ತಿಯದು ಎಂಬುದನ್ನು ತೋರಿಸುವುದೇ ದೊಡ್ಡ ಕೆಲಸವಾಯಿತು. ಪ್ರಕರಣ ಹೇಗೋ ಮುಗಿಯಿತು, ವಿವರ ಇಲ್ಲಿ ಬೇಡ.

ಇದನ್ನು ಕೇಳಿದವರು ಇನ್ನು ಮುಂದೆ ಹಂಚಬೇಡಿ ಎಂದರು. ನಾನು ತದ್ವಿರುದ್ಧವಾದ ಪಾಠ ಕಲಿತೆ. ಖಾಸಗಿಯಾಗಿ ಕೊಟ್ಟದ್ದಕ್ಕೆ ಸಾಕ್ಷಿಯಿಲ್ಲ. ಬಹಿರಂಗವಾಗಿ, ದಿನಾಂಕದೊಂದಿಗೆ ಇಟ್ಟದ್ದಕ್ಕೆ ಸಾಕ್ಷಿಯಿದೆ. ಯುರೋಪಿನ ಸೆರ್ನ್ ಸಂಸ್ಥೆ 2013ರಿಂದ ನಡೆಸುತ್ತಿರುವ ಝೆನೋಡೋ ಎಂಬ ಅಂತರಜಾಲ ಭಂಡಾರದಲ್ಲಿ ಕಡತವೊಂದನ್ನು ಇಟ್ಟರೆ ಅದಕ್ಕೊಂದು ಡಿಒಐ ಸಂಖ್ಯೆ, ಅಂದರೆ ಆ ಕಡತವನ್ನು ಗುರುತಿಸುವ ಶಾಶ್ವತ ಸಂಖ್ಯೆ, ಸಿಗುತ್ತದೆ, ಹಣ ಕೊಡಬೇಕಾಗಿಲ್ಲ, ತಿದ್ದಿದ ಆವೃತ್ತಿಗಳೂ ಬೇರೆ ಬೇರೆಯಾಗಿ ಉಳಿಯುತ್ತವೆ. ಯಾರಾದರೂ ಆರು ತಿಂಗಳ ನಂತರ ಅದೇ ಪರಿಚ್ಛೇದವನ್ನು ಸಲ್ಲಿಸಿದರೆ ಯಾರದು ಮೊದಲಿನದೆಂಬ ವಾದಕ್ಕೆ ಎಡೆಯೇ ಇರುವುದಿಲ್ಲ. ಅರ್ಜಿಯಲ್ಲಿ ನಕಲು ಮಾಡುವುದು ಸಣ್ಣ ತಪ್ಪೆಂದು ಅನೇಕರು ಭಾವಿಸಿದ್ದಾರೆ. 2000ದಲ್ಲಿ ಹೊರಬಂದ ಅಮೆರಿಕದ ಕೇಂದ್ರ ಸರ್ಕಾರದ ನೀತಿಯು ಸಂಶೋಧನಾ ದುರ್ನಡತೆಯನ್ನು ವಿವರಿಸುವಾಗ, ಸಂಶೋಧನೆ ನಡೆಸುವುದರ ಜೊತೆಗೆ ಅದನ್ನು ಪ್ರಸ್ತಾಪಿಸುವ ಮತ್ತು ಪರಿಶೀಲಿಸುವ ಹಂತಗಳನ್ನೂ ಸ್ಪಷ್ಟವಾಗಿ ಸೇರಿಸಿದೆ. ಹಣ ಸಿಗದ ಅರ್ಜಿಯಲ್ಲಿ ಮಾಡಿದ ನಕಲೂ ನಕಲೇ.

ಪರವಾನಗಿಯನ್ನು ಮಾತ್ರ ಮರೆಯದೆ ಬರೆಯಿರಿ. ಕ್ರಿಯೇಟಿವ್ ಕಾಮನ್ಸ್‌ನ ಪರವಾನಗಿಗಳಲ್ಲಿ ಹೆಸರು ಉಲ್ಲೇಖಿಸಿ ಬಳಸಬಹುದೆನ್ನುವ ‘ಸಿಸಿ ಬೈ’ ಇಂಥದ್ದಕ್ಕೆ ಹೊಂದುತ್ತದೆ. ಏನನ್ನೂ ಬರೆಯದೆ ಇಟ್ಟರೆ ಓದುವವರಿಗೆ ಅದನ್ನು ತಮ್ಮ ವಿದ್ಯಾರ್ಥಿಗಳಿಗೆ ಹಂಚಬಹುದೋ ಬಾರದೋ ಎಂಬುದೂ ತಿಳಿಯುವುದಿಲ್ಲ.

ಮೊಹರು:

ಇಡುವ ಮುನ್ನ ಗಮನಿಸಬೇಕಾದ ಕೆಲವು ಒಣ ಸಂಗತಿಗಳನ್ನು ಹೇಳುವುದು ನನ್ನ ಪಾಲಿಗೆ ಬಂದಂತಿದೆ.

ಪ್ರಸ್ತಾವದಲ್ಲಿ ಹೊಸ ಉಪಕರಣ ಅಥವಾ ವಿಧಾನದ ವಿವರವಿದ್ದು, ಅದಕ್ಕೆ ಪೇಟೆಂಟ್ ಪಡೆಯುವ ಯೋಚನೆ ಯಾರಿಗಾದರೂ ಇದ್ದರೆ, ಅರ್ಜಿಯನ್ನು ತೆರೆದಿಡುವುದು ಬಹಿರಂಗಪಡಿಸಿದಂತೆಯೇ ಲೆಕ್ಕ. ಅಮೆರಿಕದಲ್ಲಿ ಸಂಶೋಧಕರು ತಾವೇ ಬಹಿರಂಗಪಡಿಸಿದ ಮೇಲೆ ಒಂದು ವರ್ಷದ ಅವಕಾಶವಿರುತ್ತದೆ. ಯುರೋಪಿನ ಪೇಟೆಂಟ್ ವ್ಯವಸ್ಥೆಯಲ್ಲಿ ಸಾಮಾನ್ಯವಾಗಿ ಅಂಥ ರಿಯಾಯಿತಿ ಇಲ್ಲ, ಹೊಸತನವೇ ಹೋಯಿತು ಎನ್ನುತ್ತಾರೆ. ಆದ್ದರಿಂದ ಮೊದಲು ಸಂಸ್ಥೆಯ ಸಂಬಂಧಪಟ್ಟವರನ್ನು ಕೇಳಿ.

ಶಿಫಾರಸು ಪತ್ರಗಳು ನಿಮ್ಮವಲ್ಲ, ಬರೆದವರವು. ಸಹ ಅರ್ಜಿದಾರರ ಪರಿಚಯಪತ್ರಗಳೂ ಹಾಗೆಯೇ. ಒಪ್ಪಿಗೆಯನ್ನು ಬಾಯಿಮಾತಿನಲ್ಲಿ ಪಡೆಯದೆ ಇಮೇಲಿನಲ್ಲಿ ಪಡೆಯಿರಿ.

ಮತ್ತೊಂದು, ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಒಬ್ಬರು ವೇತನದ ಅಂಕಿಗಳ ಮೇಲೆ ಕಪ್ಪು ಚೌಕಗಳನ್ನು ಎಳೆದು ಪಿಡಿಎಫ್ ಹಂಚಿದ್ದರು. ಆ ಚೌಕದ ಮೇಲೆ ಮೌಸ್ ಎಳೆದು ಕಾಪಿ ಮಾಡಿ ಬೇರೆಡೆ ಪೇಸ್ಟ್ ಮಾಡಿದರೆ ಅಂಕಿಗಳೆಲ್ಲ ನೆಟ್ಟಗೆ ಬಂದು ಕುಳಿತವು. ಚೌಕ ಎಳೆದರೆ ಕೆಳಗಿನ ಅಕ್ಷರ ಅಳಿಯುವುದಿಲ್ಲ. ಮರೆಮಾಚಬೇಕಾದದ್ದನ್ನು ಮೂಲ ಕಡತದಲ್ಲೇ ಅಳಿಸಿ, ಹೊಸದಾಗಿ ಪಿಡಿಎಫ್ ಮಾಡಿ. ವರ್ಡ್ ಕಡತವನ್ನೇ ಇಡುವುದಾದರೆ ಹಳೆಯ ತಿದ್ದುಪಡಿಗಳೂ ಅಂಚಿನ ಕಾಮೆಂಟುಗಳೂ ಒಳಗೆ ಉಳಿದಿಲ್ಲವೆಂದು ಖಚಿತಪಡಿಸಿಕೊಳ್ಳಿ. ಮಾರ್ಗದರ್ಶಕರು ಮಧ್ಯರಾತ್ರಿ ಬರೆದ ಕಾಮೆಂಟುಗಳು ಲೋಕಕ್ಕೆ ಕಾಣಬೇಕಾದಂಥವಲ್ಲ. ಬಜೆಟ್ಟನ್ನು ಪೂರ್ತಿ ತೆಗೆದುಬಿಡುವುದೇ ಕ್ಷೇಮ.

ತೆರೆಯ ಹಿಂದೆ:

ಬಜೆಟ್ಟನ್ನು ಪೂರ್ತಿ ತೆಗೆಯುವುದಕ್ಕೆ ನನ್ನ ವಿರೋಧವಿದೆ. ನಾನು ಸಂಶೋಧಕಿಯಲ್ಲ, ರಂಗಪ್ರಯೋಗಗಳಿಗಾಗಿ ಅನುದಾನದ ಅರ್ಜಿ ಬರೆಯುವವಳು. ನಮ್ಮ ಕಡೆ ಹೊಸಬರು ಎಡವುವುದು ಬಹುಪಾಲು ಬಜೆಟ್ಟಿನಲ್ಲಿಯೇ. ಕಲ್ಪನೆ ಎಲ್ಲರಿಗೂ ಇರುತ್ತದೆ. ತಾಲೀಮಿನ ದಿನಗಳಿಗೂ ಕಲಾವಿದರಿಗೆ ಸಂಭಾವನೆ ಹಾಕಬೇಕೆಂದು, ಸಾಮಗ್ರಿಯ ಸಾಗಾಟಕ್ಕೊಂದು ಸಾಲು ಇರಬೇಕೆಂದು, ತಮ್ಮ ಸ್ವಂತ ದುಡಿಮೆಗೂ ಹಣ ಕೇಳಬಹುದೆಂದು ಯಾರೂ ಹೇಳಿಕೊಟ್ಟಿರುವುದಿಲ್ಲ. ನಾನು ಮೊದಲ ಅರ್ಜಿಯಲ್ಲಿ ನನ್ನ ಹೆಸರಿನ ಮುಂದೆ ಸೊನ್ನೆ ಬರೆದಿದ್ದೆ. ತ್ಯಾಗ ಕಂಡು ಮೆಚ್ಚುತ್ತಾರೆ ಅಂದುಕೊಂಡಿದ್ದೆ. ಈಕೆಗೆ ಖರ್ಚಿನ ಅಂದಾಜೇ ಇಲ್ಲ ಎಂದರು. ಅಂಕಿಗಳನ್ನು ಬೇಕಾದರೆ ಅಳಿಸಿ, ಆದರೆ ಬಾಬತ್ತುಗಳನ್ನೂ ಪ್ರತಿಯೊಂದು ಒಟ್ಟು ಮೊತ್ತದ ಶೇಕಡಾ ಎಷ್ಟು ಎಂಬುದನ್ನೂ, ಏಕೆ ಬೇಕೆಂದು ಬರೆದ ಸಮರ್ಥನೆಯನ್ನೂ ಉಳಿಸಿ.

ಕಲೆಯ ಅರ್ಜಿಗಳಲ್ಲಿ ಬೇರೆಯದೇ ತೊಡಕೊಂದಿದೆ. ಅಲ್ಲಿ ಕಲ್ಪನೆಯೇ ಕೃತಿಯ ಬೀಜ. ಪ್ರದರ್ಶನಕ್ಕೆ ಮುನ್ನ ಅದನ್ನು ತೆರೆದಿಡುವುದೆಂದರೆ ನಾಟಕದ ಕೊನೆಯ ದೃಶ್ಯವನ್ನು ಮೊದಲೇ ಆಡಿ ತೋರಿಸಿದಂತೆ. ಹಾಗಾಗಿ ಪ್ರಯೋಗ ಮುಗಿದ ಮೇಲೆಯೇ ನನ್ನ ಅರ್ಜಿಗಳನ್ನು ಕೊಡುತ್ತೇನೆ. ತಡವಾಗುತ್ತದೆ ನಿಜ, ಆದರೆ ಅಂದುಕೊಂಡದ್ದರಲ್ಲಿ ಎಷ್ಟು ನಡೆಯಿತು ಎಂದು ಒಂದು ಪುಟ ಸೇರಿಸಲು ಸಾಧ್ಯವಾಗುತ್ತದೆ.

ಸಾಲುಗಳ ನಡುವೆ:

ಯಾರೂ ಬಾಯಿಬಿಟ್ಟು ಹೇಳದ ಒಂದು ಭಯವನ್ನು ನಾನೇ ಹೇಳಿಬಿಡುತ್ತೇನೆ. ಸ್ಥಾನಗಳು ಹತ್ತೇ ಇದ್ದಾಗ, ನನ್ನ ಅರ್ಜಿಯನ್ನು ಓದಿ ಚೆನ್ನಾಗಿ ಬರೆದವರು ಮುಂದಿನ ವರ್ಷ ನನ್ನನ್ನೇ ಹಿಂದಿಕ್ಕಬಹುದು. ಈ ಭಯ ಸುಳ್ಳಲ್ಲ. ಉದಾರವಾಗಿರಿ ಎಂಬ ಉಪದೇಶದಿಂದ ಅದು ಹೋಗುವುದೂ ಇಲ್ಲ. ಆದರೆ ಅದಕ್ಕೆದುರಾಗಿ ಇನ್ನೊಂದು ಲೆಕ್ಕವಿದೆ. ನೆದರ್ಲೆಂಡ್ಸ್‌ನ ಯುವ ಸಂಶೋಧಕರ ಅನುದಾನಗಳ ಕುರಿತು 2018ರಲ್ಲಿ ಪ್ರಕಟವಾದ ಅಧ್ಯಯನವೊಂದು, ಕೂದಲೆಳೆಯ ಅಂತರದಲ್ಲಿ ಗೆದ್ದವರನ್ನೂ ಅಷ್ಟೇ ಅಂತರದಲ್ಲಿ ಸೋತವರನ್ನೂ ಹೋಲಿಸಿತು. ಮುಂದಿನ ಎಂಟು ವರ್ಷಗಳಲ್ಲಿ ಗೆದ್ದವರು ಸೋತವರ ಎರಡು ಪಟ್ಟಿಗೂ ಹೆಚ್ಚು ಸಂಶೋಧನಾ ಹಣವನ್ನು ಕೂಡಿಸಿದ್ದರು. ಸೋತವರಲ್ಲಿ ಅನೇಕರು ಮತ್ತೆ ಅರ್ಜಿ ಹಾಕುವುದನ್ನೇ ಬಿಟ್ಟದ್ದು ಅದಕ್ಕೊಂದು ಕಾರಣವಾಗಿತ್ತು. ಒಮ್ಮೆ ಗೆದ್ದವರಿಗೆ ದಾರಿ ಅದಾಗಲೇ ಅಗಲವಾಗಿರುತ್ತದೆ. ಅಂಥವರು ಹಳೆಯ ಅರ್ಜಿಯೊಂದನ್ನು ಕೊಟ್ಟು ಕಳೆದುಕೊಳ್ಳುವುದು ಬಹಳ ಸ್ವಲ್ಪ.

ಆದರೂ ಈ ಹೊರೆಯನ್ನೆಲ್ಲ ಅರ್ಜಿದಾರರ ಒಳ್ಳೆಯತನದ ಮೇಲೆ ಹೊರಿಸುವುದು ನನಗೆ ಸರಿಕಾಣುವುದಿಲ್ಲ. ಹಣ ಕೊಡುವವರೇ ಇದನ್ನು ಮಾಡಬಹುದು, ಕೆಲವರು ಮಾಡುತ್ತಲೂ ಇದ್ದಾರೆ. ಅಮೆರಿಕದ ಮಾನವಿಕಗಳ ರಾಷ್ಟ್ರೀಯ ದತ್ತಿ ತನ್ನ ಯೋಜನೆಗಳ ಪ್ರಕಟಣೆಯ ಜೊತೆಗೆ ಹಿಂದೆ ಮಂಜೂರಾದ ಅರ್ಜಿಗಳ ವಿವರಣಾ ಭಾಗಗಳನ್ನೂ ಮಾದರಿಯಾಗಿ ಕೊಡುತ್ತದೆ. ವಿಕಿಮೀಡಿಯ ಫೌಂಡೇಶನ್ನಿನ ಅನುದಾನದ ಪ್ರಸ್ತಾವಗಳು ಎಲ್ಲರಿಗೂ ಕಾಣುವ ವಿಕಿ ಪುಟದಲ್ಲಿ ಇರುತ್ತವೆ, ಗೆದ್ದವೂ ಸೋತವೂ. 2015ರಲ್ಲಿ ಆರಂಭವಾದ ‘ರಿಸರ್ಚ್ ಐಡಿಯಾಸ್ ಅಂಡ್ ಔಟ್‌ಕಮ್ಸ್’ ಪತ್ರಿಕೆ ಅನುದಾನದ ಪ್ರಸ್ತಾವಗಳನ್ನೇ ಪ್ರಬಂಧಗಳಂತೆ ಪ್ರಕಟಿಸುತ್ತದೆ. ‘ಓಪನ್ ಗ್ರಾಂಟ್ಸ್’ ಎಂಬ ಸಂಗ್ರಹದಲ್ಲಿ ಸಂಶೋಧಕರು ತಾವಾಗಿಯೇ ಇಟ್ಟ ಪ್ರಸ್ತಾವಗಳು ಒಂದೆಡೆ ಸಿಗುತ್ತವೆ. ‘ಕರಡುಪ್ರತಿ’ ಅವರು ತಮ್ಮದನ್ನೂ ಅಂಥ ಕಡೆ ಸೇರಿಸಿದರೆ ಹುಡುಕುವವರ ಕಣ್ಣಿಗೆ ಬೀಳುತ್ತದೆ. ಸ್ವಂತ ಪುಟದ ಮೂಲೆಯಲ್ಲಿಟ್ಟರೆ, ಅವರ ಹೆಸರು ಗೊತ್ತಿರುವವರಿಗೆ ಮಾತ್ರ ಸಿಗುತ್ತದೆ, ಮತ್ತೆ ಪರಿಚಯದವರ ವರ್ತುಲವೇ ಆಯಿತು.

ಹಳೆಯ ಪರಿಶೀಲಕ:

ಸೋತ ಅರ್ಜಿ, ಪರಿಶೀಲಕರ ಮಾತು, ಗೆದ್ದ ಅರ್ಜಿ ಮೂರೂ ಒಟ್ಟಿಗಿರುವುದಾದರೆ ನನ್ನ ವಿರೋಧ ಬಹುಮಟ್ಟಿಗೆ ಇಳಿಯುತ್ತದೆ. ಆ ಪತ್ರರಂಧ್ರದ ಉದಾಹರಣೆ ಚೆನ್ನಾಗಿತ್ತು. ನನ್ನ ಕೈಗೆ ಆ ಮೊದಲ ವಾಕ್ಯ ಬಂದಿದ್ದರೆ ನಾನೂ ಆ ಪರಿಶೀಲಕರ ಮಾತನ್ನೇ ಬರೆಯುತ್ತಿದ್ದೆ, ಬಹುಶಃ ಅಷ್ಟು ಚುರುಕಾಗಿ ಅಲ್ಲ.

ಒಂದು ವಿನಂತಿ ಮಾತ್ರ. ಅಂಚಿನಲ್ಲಿ ಟಿಪ್ಪಣಿಗಳನ್ನು ಬರೆಯಿರಿ, ಅವುಗಳಲ್ಲಿ ನಿಮ್ಮ ಸಂದೇಹಗಳೂ ಇರಲಿ. ಈ ಪರಿಚ್ಛೇದ ಪ್ರಕಟಣೆಯ ಇಂಥ ಷರತ್ತಿಗಾಗಿ ಬರೆದದ್ದು, ಈ ಚಿತ್ರವನ್ನು ಯಾರೂ ಗಮನಿಸಿದಂತಿಲ್ಲ, ಈ ಭಾಗ ದುರ್ಬಲವಾಗಿದ್ದರೂ ಹೇಗೋ ದಾಟಿತು ಎಂದು ನಿಸ್ಸಂಕೋಚವಾಗಿ ಬರೆಯಿರಿ. ಅರ್ಜಿ ಕರೆದ ಪ್ರಕಟಣೆಯ ಆ ವರ್ಷದ ಪ್ರತಿಯನ್ನೂ ಜೊತೆಗಿಡಿ, ಏಕೆಂದರೆ ನಿಯಮಗಳು ಬದಲಾಗುತ್ತಿರುತ್ತವೆ. ಯುಕಾಸ್‌ನ ವೈಯಕ್ತಿಕ ಹೇಳಿಕೆಯನ್ನೇ ನೋಡಿ: 4,000 ಅಕ್ಷರಗಳ ಒಂದೇ ಬರಹವಾಗಿದ್ದದ್ದು 2026ರ ಪ್ರವೇಶದಿಂದ ಮೂರು ಪ್ರಶ್ನೆಗಳಾಗಿ ಒಡೆದಿದೆ. ಹಳೆಯ ಮಾದರಿಯನ್ನು ಹೊಸ ನಮೂನೆಗೆ ತುರುಕಿದ ಅರ್ಜಿಗಳನ್ನು ಓದುವ ಕಷ್ಟ ಓದಿದವರಿಗೇ ಗೊತ್ತು.

ಕೃತಕ ಬುದ್ಧಿಮತ್ತೆಯ ವಿಚಾರವನ್ನು ಯಾರೂ ಎತ್ತದಿರುವುದಕ್ಕೆ ಸಂತೋಷ. ನಾನೂ ಎತ್ತುವುದಿಲ್ಲ. ಅರ್ಜಿ ಬರೆಯುವುದು ಅಗ್ಗವಾದಷ್ಟೂ ಸಮಿತಿಯವರು ತೋರಿಕೆಯ ನಯವನ್ನು ನಂಬುವುದು ಕಡಿಮೆಯಾಗುತ್ತದೆ ಎಂದಷ್ಟೇ ಹೇಳಿ ಬಿಡುತ್ತೇನೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು 2025ರಲ್ಲಿ ಒಬ್ಬ ಪ್ರಧಾನ ಸಂಶೋಧಕರಿಗೆ ವರ್ಷಕ್ಕೆ ಆರು ಅರ್ಜಿಗಳ ಮಿತಿ ಹಾಕಿದ್ದು ಸುಮ್ಮನೆ ಅಲ್ಲ.

ಮೊದಲ ಅರ್ಜಿ:

ಎಲ್ಲರಿಗೂ ಧನ್ಯವಾದಗಳು. ‘ಕರಡುಪ್ರತಿ’ ಅವರಿಗೆ ಒಂದು ಪ್ರಶ್ನೆ. ಅಂದುಕೊಂಡದ್ದು ಸಿಗದಿದ್ದರೆ ಏನು ಮಾಡುತ್ತೇನೆ ಎಂಬುದನ್ನು ಬರೆಯುವುದು ನನಗೆ ಇನ್ನೂ ಕಷ್ಟವಾಗುತ್ತಿದೆ. ಅದನ್ನು ಬರೆದರೆ ನನ್ನ ಮೇಲೆ ನನಗೇ ನಂಬಿಕೆಯಿಲ್ಲ ಎಂದು ತಿಳಿಯುತ್ತಾರೇನೋ ಎಂಬ ಅಳುಕು. ನಿಮ್ಮ ಮೂರು ಅರ್ಜಿಗಳಲ್ಲಿ ಆ ಭಾಗ ಹೇಗೆ ಬದಲಾಯಿತು?

ಕರಡುಪ್ರತಿ:

ಮೊದಲನೆಯದರಲ್ಲಿ ಆ ಭಾಗವೇ ಇರಲಿಲ್ಲ. ಎರಡನೆಯದರಲ್ಲಿ, ಹಿರಿಯರ ಅರ್ಜಿಯನ್ನು ನೋಡಿದ ಉತ್ಸಾಹದಲ್ಲಿ, ತೊಂದರೆ ಬಂದರೆ ಸೂಕ್ತ ಪರ್ಯಾಯ ವಿಧಾನಗಳನ್ನು ಅನುಸರಿಸಲಾಗುವುದು ಎಂದು ಬರೆದೆ. ಅಂದರೆ ಅವರ ರೂಪವನ್ನು ತೆಗೆದುಕೊಂಡು ತಿರುಳನ್ನು ಬಿಟ್ಟಿದ್ದೆ. ಮೂರನೆಯದರಲ್ಲಿ ಹೀಗಿದೆ: ‘ರಾತ್ರಿಯ ಅಳತೆಗಳು ಉಪಕರಣದ ದೋಷಮಿತಿಯೊಳಗೇ ಇದ್ದರೆ, ಎಲೆಯ ಬದಲು ಇಡೀ ಕುಂಡವನ್ನು ತಕ್ಕಡಿಯ ಮೇಲಿಟ್ಟು ಬೆಳಗಿನವರೆಗಿನ ತೂಕದ ಇಳಿಕೆಯನ್ನು ಅಳೆಯುತ್ತೇನೆ, ಆಗ ಪ್ರತಿ ಎಲೆಯ ವಿವರ ಸಿಗುವುದಿಲ್ಲ, ಜಾತಿಗಳ ನಡುವಿನ ಹೋಲಿಕೆ ಮಾತ್ರ ಉಳಿಯುತ್ತದೆ.’ ಪರಿಶೀಲಕರಲ್ಲಿ ಇಬ್ಬರು ಈ ವಾಕ್ಯವನ್ನು ಹೆಸರಿಸಿ ಮೆಚ್ಚಿದ್ದಾರೆ, ಮೂರನೆಯವರು ಕುಂಡದ ಮಣ್ಣಿನಿಂದ ಆವಿಯಾಗುವ ನೀರನ್ನು ಮರೆತಿದ್ದೀರಿ ಎಂದಿದ್ದಾರೆ. ಅವರು ಹೇಳಿದ್ದು ಸರಿ. ಆ ಟಿಪ್ಪಣಿಯನ್ನೂ ಹಾಗೆಯೇ ಉಳಿಸಿದ್ದೇನೆ.

ಮೂರೂ ಅರ್ಜಿಗಳನ್ನು, ಮೂರೂ ವರ್ಷಗಳ ಪ್ರಕಟಣೆಗಳನ್ನು, ಪರಿಶೀಲಕರ ಅಭಿಪ್ರಾಯಗಳನ್ನು ನಿನ್ನೆ ರಾತ್ರಿ ಝೆನೋಡೋದಲ್ಲಿ ಸಿಸಿ ಬೈ ಪರವಾನಗಿಯೊಂದಿಗೆ ಇಟ್ಟಿದ್ದೇನೆ. ಅಭಿಪ್ರಾಯಗಳನ್ನು ಪ್ರಕಟಿಸಬಹುದೇ ಎಂದು ಅನುದಾನ ಕೊಟ್ಟವರನ್ನು ಮುಂಚಿತವಾಗಿ ಕೇಳಿದ್ದೆ, ಪರಿಶೀಲಕರ ಹೆಸರು ಎಲ್ಲಿಯೂ ಇಲ್ಲದಿದ್ದರೆ ಅಡ್ಡಿಯಿಲ್ಲ ಎಂದರು. ಶಿಫಾರಸು ಪತ್ರಗಳಿಲ್ಲ. ಬಜೆಟ್ಟಿನಲ್ಲಿ ವೇತನದ ಅಂಕಿಗಳನ್ನು ಮೂಲದಲ್ಲೇ ಅಳಿಸಿ, ಬಾಬತ್ತುಗಳನ್ನೂ ಶೇಕಡಾವಾರನ್ನೂ ಸಮರ್ಥನೆಯನ್ನೂ ಉಳಿಸಿದ್ದೇನೆ. ಎರಡನೆಯ ಅರ್ಜಿಗೆ ಅಂಚಿನ ಟಿಪ್ಪಣಿಗಳು ಇನ್ನೂ ಅರ್ಧ ಆಗಿವೆ, ಮುಗಿದ ಮೇಲೆ ಹೊಸ ಆವೃತ್ತಿಯಾಗಿ ಸೇರಿಸುತ್ತೇನೆ. ನನಗೆ ಅರ್ಜಿ ಕೊಟ್ಟಿದ್ದ ಆ ಹಿರಿಯರಿಗೂ ಬರೆದು, ಅವರದನ್ನೂ ಇಡಬಹುದೇ ಎಂದು ಕೇಳಿದ್ದೇನೆ. ಈ ಸಲ ಇಮೇಲನ್ನು ಅಳಿಸದೆ ಕಳುಹಿಸಿದೆ. ಉತ್ತರ ಇನ್ನೂ ಬಂದಿಲ್ಲ.